ಮೊಸರಲ್ಲಿ ಕಲ್ಲು

ಮೊಸರಲ್ಲಿ ಕಲ್ಲು ಹುಡುಕುವುದು ಕನ್ನಡದಲ್ಲಿ ಬೈಗುಳ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಅದೇ ಕಸುಬು, ತಿಂಗಳಾದರೆ ಅದಕ್ಕೇ ಸಂಬಳ. ಡೆವಲಪರ್ ಬರೆದ ಪ್ರೋಗ್ರಾಮ್ ಜನರ ಕೈ ಸೇರುವ ಮುಂಚೆ ಎಲ್ಲೆಲ್ಲಿ ಮುಗ್ಗರಿಸುತ್ತದೆ ಎಂದು ಹುಡುಕಿ, ಕಂಡದ್ದನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆದುಕೊಡುವುದು ಟೆಸ್ಟರ್ ಕೆಲಸ. ಕಲ್ಲು ಸಿಕ್ಕರೆ ಇದೆ ಎನ್ನಬಹುದು. ಸಿಗದಿದ್ದರೆ ಇಲ್ಲ ಎನ್ನುವ ಹಾಗಿಲ್ಲ. ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1970ರ ಹೊತ್ತಿಗೇ ಇದನ್ನು ಖಡಾಖಂಡಿತವಾಗಿ ಹೇಳಿಯಾಗಿತ್ತು. ಆದ್ದರಿಂದ ಈ ಕೆಲಸ ಮುಗಿಯುವುದಿಲ್ಲ, ಎಲ್ಲೋ ಒಂದು ಕಡೆ ನಿಲ್ಲಿಸಬೇಕಾಗುತ್ತದೆ ಅಷ್ಟೆ. ಕೊಂಕು ನೋಡುವ ಸ್ವಭಾವದವರಿಗೆ ಇದಕ್ಕಿಂತ ಸೊಗಸಾದ ಉದ್ಯೋಗ ಬೇರೆ ಇರಲಾರದು.

1979ರಲ್ಲಿ ಗ್ಲೆನ್‌ಫರ್ಡ್ ಮೈಯರ್ಸ್ ಬರೆದ ‘ದಿ ಆರ್ಟ್ ಆಫ್ ಸಾಫ್ಟ್‌ವೇರ್ ಟೆಸ್ಟಿಂಗ್’ ಓದುಗರಿಗೆ ಒಂದು ಪುಟ್ಟ ಪರೀಕ್ಷೆ ಇಟ್ಟೇ ಶುರುವಾಗುತ್ತದೆ. ಮೂರು ಸಂಖ್ಯೆ ಕೊಟ್ಟರೆ ಆ ಅಳತೆಯ ತ್ರಿಭುಜ ಸಮಬಾಹುವೋ, ಸಮದ್ವಿಬಾಹುವೋ, ಅಸಮಬಾಹುವೋ ಎಂದು ಹೇಳುವ ಪ್ರೋಗ್ರಾಮ್ ಒಂದಿದೆ. ಅದನ್ನು ಹೇಗೆಲ್ಲ ಟೆಸ್ಟ್ ಮಾಡಬೇಕು? 5, 5, 5. 5, 5, 8. 3, 4, 5. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. 1, 2, 3 ಕೊಟ್ಟರೆ? ಅದು ತ್ರಿಭುಜವೇ ಅಲ್ಲ, ಬರೀ ಗೆರೆ. 5, 5, 8 ಬರೆದವರು 5, 8, 5 ಮತ್ತು 8, 5, 5 ಎಂದೂ ಕೊಟ್ಟು ನೋಡಿದರೇ? ಸೊನ್ನೆ ಕೊಟ್ಟರೇ? ಎರಡೇ ಸಂಖ್ಯೆ ಕೊಟ್ಟರೇ? ಇಂಥ 14 ಪ್ರಶ್ನೆಗಳನ್ನು ಮುಂದಿಟ್ಟು, ನುರಿತ ಪ್ರೋಗ್ರಾಮರ್‌ಗಳಿಗೂ ಸರಾಸರಿ 7.8 ಅಂಕ ಮಾತ್ರ ಬರುತ್ತದೆ ಎಂದು ಮೈಯರ್ಸ್ ಬರೆಯುತ್ತಾರೆ. ನಾಲ್ಕು ಜನ ತಂತಮ್ಮ ಪಟ್ಟಿಯನ್ನು ಒಂದೇ ಮೇಜಿನ ಮೇಲೆ ಹರಡಿದರೆ ಅಂಕ ತಾನೇ ಏರುತ್ತದೆ, ಯಾಕೆಂದರೆ ಎಲ್ಲರೂ ಒಂದೇ ಪ್ರಶ್ನೆಯನ್ನು ಮರೆತಿರುವುದಿಲ್ಲ. ಟೆಸ್ಟರ್ ಬೆಳೆಯುವುದು ಮುಕ್ಕಾಲು ಪಾಲು ಹೀಗೆ, ಬೇರೆಯವರ ಕಣ್ಣನ್ನು ಕಡ ತಂದು.

ಅಂಥ ಕಣ್ಣುಗಳಿಗೆ ಕಮ್ಮಿಂಗ್‌ನಲ್ಲಿ ಬರವಿಲ್ಲ. ಅಮೆರಿಕದ ಅಟ್ಲಾಂಟಾದಿಂದ ಜಾರ್ಜಿಯಾ 400 ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟು, ಐಟಿ ಕಚೇರಿಗಳ ಆಲ್ಫರೆಟ್ಟಾ ದಾಟಿದರೆ ಸಿಗುವ ಫೋರ್ಸೈತ್ ಕೌಂಟಿಯ ಕೇಂದ್ರ ಅದು. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಬಂದವರ ಮನೆಗಳು ಇಲ್ಲಿವೆ. ಅವುಗಳಲ್ಲಿ ಈ ಟೆಸ್ಟಿಂಗ್ ಕಸುಬನ್ನು ಕರೆಯುವ ಕ್ಯೂಎ ಎಂಬ ಎರಡಕ್ಷರ ಕೇಳದ ಮನೆ ಅಪರೂಪ. 2015ರ ಮೇ 26ರಿಂದ, ಸಂಗಾತಿಯ ಕೆಲಸದಿಂದಾಗಿ ಸಿಗುವ ಎಚ್-4 ವೀಸಾದ ಮೇಲಿದ್ದ ಅನೇಕರಿಗೆ ದುಡಿಯುವ ಪರವಾನಗಿ ಸಿಗತೊಡಗಿದಾಗ, ವರ್ಷಗಟ್ಟಲೆ ಮನೆಯಲ್ಲಿದ್ದ ಹೆಂಗಸರಲ್ಲಿ ಕೆಲವರು ಈ ಬಾಗಿಲಿನಿಂದಲೇ ಉದ್ಯೋಗಕ್ಕೆ ಕಾಲಿಟ್ಟರು. ಕೋಡ್ ಬಾರದವರ ಕೆಲಸ ಎಂದು ಮೂಗು ಮುರಿಯುವವರು ಈಗಲೂ ಇದ್ದಾರೆ. ಊರಿನ ಬ್ಯಾಂಕಿನ ಕೌಂಟರಿನಲ್ಲಿ ಐದು ವರ್ಷ ಕೂತವರಿಗೆ, ಒಂದೇ ಚೆಕ್ಕನ್ನು ಎರಡು ಸಲ ಪೋಸ್ಟ್ ಮಾಡಿದರೆ ಏನಾಗುತ್ತದೆ ಎಂದು ಯಾವ ಕೋರ್ಸೂ ಕಲಿಸಬೇಕಿಲ್ಲ ಎಂಬುದು ಆ ಮೂಗು ಮುರಿಯುವವರಿಗೆ ಹೊಳೆದಿರುವುದಿಲ್ಲ.

ಕಮ್ಮಿಂಗ್ ಎಂಬ ವಿಳಾಸವೇ ಒಂದು ಒಳ್ಳೆಯ ಟೆಸ್ಟ್ ಕೇಸ್. 2020ರ ಜನಗಣತಿಯ ಪ್ರಕಾರ ಊರಿನ ಎಲ್ಲೆಯೊಳಗೆ ಇದ್ದವರು 7,318 ಜನ. ಇಡೀ ಕೌಂಟಿಯಲ್ಲಿ 2,51,283. ಆದರೆ ಅಂಚೆಯ ಲೆಕ್ಕದಲ್ಲಿ ಕಮ್ಮಿಂಗ್ ಎಂದು ಬರೆಯುವ ಮನೆಗಳು ಊರಿನ ಎಲ್ಲೆ ದಾಟಿ ಎಷ್ಟೋ ದೂರದವರೆಗೆ ಹಬ್ಬಿವೆ. ವಿಳಾಸದಲ್ಲಿ ಊರ ಹೆಸರಿದೆ, ಆದ್ದರಿಂದ ಇವರು ನಗರವಾಸಿ ಎಂದು ತೀರ್ಮಾನಿಸುವ ಪ್ರೋಗ್ರಾಮ್ ಇಲ್ಲಿ ಮೊದಲ ದಿನವೇ ಎಡವುತ್ತದೆ.

ಹೆಸರಿನ ಕಥೆ ಇನ್ನೂ ಸ್ವಾರಸ್ಯ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಆ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಬಂದು ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಆಮೇಲೆ ಆಸ್ಪತ್ರೆ, ಬ್ಯಾಂಕು, ಮಕ್ಕಳ ಶಾಲೆ ಎಲ್ಲ ಕಡೆಯೂ ಅವರು ಎಫ್‌ಎನ್‌ಯು ಅವರೇ. ಮೊದಲ ಹೆಸರಿನಿಂದ ಹುಡುಕುವ ಪರದೆಯಲ್ಲಿ ಅವರೆಲ್ಲ ಒಂದೇ ಕುಟುಂಬದವರಂತೆ ಸಾಲಾಗಿ ನಿಲ್ಲುತ್ತಾರೆ. ಇದನ್ನು ಪುಸ್ತಕದಿಂದ ಕಲಿತ ಟೆಸ್ಟರ್‌ಗಿಂತ ಅಪ್ಪನ ವೀಸಾ ಕೈಯಲ್ಲಿ ಹಿಡಿದು ಪೇಚಾಡಿದ ಟೆಸ್ಟರ್ ಬೇಗ ನೆನೆಯುತ್ತಾರೆ.

ಗಡಿಯಾರವೂ ಮೇಷ್ಟ್ರೇ. ಬೆಂಗಳೂರಿನ ತಂಡದ ಜೊತೆ ಕಾಲ್ ಇರುವ ಮನೆಗೆ, ಆ ಊರು ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದೆ. ಮಾರ್ಚ್‌ನ ಎರಡನೇ ಭಾನುವಾರ ಇಲ್ಲಿ ಗಡಿಯಾರ ಮುಂದಕ್ಕೆ ಜಿಗಿಯುವುದರಿಂದ ನಸುಕಿನ 2:30 ಎಂಬ ಹೊತ್ತೇ ಇಲ್ಲ. ನವೆಂಬರ್‌ನ ಮೊದಲ ಭಾನುವಾರ ಅದು ಹಿಂದಕ್ಕೆ ಸರಿಯುವುದರಿಂದ 1:30 ಎರಡು ಸಲ ಬರುತ್ತದೆ. ಆಗ ಮಾಡಿದ ಎರಡು ಪಾವತಿಗಳಲ್ಲಿ ಯಾವುದು ಮೊದಲಿನದು ಎಂದು ಕೇಳಿದರೆ ಬರೀ ಸ್ಥಳೀಯ ಸಮಯ ಬರೆದಿಟ್ಟ ಲೆಡ್ಜರ್ ಬಾಯಿ ಬಿಡುವುದಿಲ್ಲ.

ಕನ್ನಡವನ್ನೇ ಇನ್‌ಪುಟ್ ಆಗಿ ಕೊಟ್ಟರೆ ಸಿಗುವ ಸುಖ ಬೇರೆ. ‘ಶ್ರೀಧರ’ ಎಂಬ ಹೆಸರಿನ ‘ಶ್ರೀ’ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಶ, ವಿರಾಮ, ರ, ದೀರ್ಘ ಈಕಾರ ಎಂದು 4 ಸಂಕೇತ. ಆ ಈಕಾರವನ್ನು ಗುಡಿಸು ಮತ್ತು ದೀರ್ಘ ಎಂದು ಒಡೆದೂ ಬರೆಯಬಹುದು, ಆಗ 5. ಪರದೆಯ ಮೇಲೆ ಎರಡೂ ಒಂದೇ. ಯೂನಿಕೋಡ್ ಹೇಳುವಂತೆ ಎರಡನ್ನೂ ಒಂದು ರೂಪಕ್ಕೆ ತಂದು ಹೋಲಿಸದ ಪ್ರೋಗ್ರಾಮ್, ಒಬ್ಬ ಶ್ರೀಧರನನ್ನು ಹುಡುಕಲು ಹೇಳಿದರೆ ಇನ್ನೊಬ್ಬ ಶ್ರೀಧರ ಎದುರಿಗೇ ಇದ್ದರೂ ಸಿಗಲಿಲ್ಲ ಎನ್ನುತ್ತದೆ. ‘ರ್‍ಯಾಂಕ್’ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಬೇಕು. ಕಾಪಿ ಮಾಡಿ ಬೇರೆಡೆ ಅಂಟಿಸುವಾಗ ಅದು ಉದುರಿದರೆ ಅರ್ಕಾವತ್ತು ಮೂಡಿ ಪದದ ಮುಖವೇ ಬದಲಾಗುತ್ತದೆ.

ಕಂಡ ದೋಷವನ್ನು ಬರೆಯುವುದು ಬೇರೆಯೇ ವಿದ್ಯೆ, ಬಹುತೇಕರು ಸೋಲುವುದೂ ಅಲ್ಲೇ. ‘ಹುಡುಕಾಟ ಕೆಲಸ ಮಾಡುತ್ತಿಲ್ಲ’ ಎಂದು ಬರೆದರೆ ಡೆವಲಪರ್ ತನ್ನ ಲ್ಯಾಪ್‌ಟಾಪ್‌ನಲ್ಲಿ ನೋಡಿ, ‘ನನಗೆ ಬರುತ್ತಿದೆಯಲ್ಲ’ ಎಂದು ದೂರಿನ ಟಿಕೆಟ್ ಮುಚ್ಚುತ್ತಾನೆ. ‘ಈ ಫೋನಿನ ಕೀಬೋರ್ಡಿನಿಂದ ಶ್ರೀಧರ ಎಂದು ನಮೂದಿಸಿ, ಲ್ಯಾಪ್‌ಟಾಪ್‌ನಿಂದ ಅದೇ ಹೆಸರು ಹುಡುಕಿದೆ, ಒಬ್ಬರು ಸಿಗಬೇಕಿತ್ತು, ಯಾರೂ ಸಿಗಲಿಲ್ಲ, ಮೂರು ಸಲವೂ ಹೀಗೇ, ಮಂಜುನಾಥ ಎಂದರೆ ಸಿಗುತ್ತದೆ’ ಎಂದು ಬರೆದರೆ ಅರ್ಧ ರಿಪೇರಿ ಆದಂತೆಯೇ. ಕೊನೆಯ ತುಂಡು ಎಲ್ಲಕ್ಕಿಂತ ಬೆಲೆಯುಳ್ಳದ್ದು: ಎಲ್ಲಿ ತಪ್ಪುವುದಿಲ್ಲ ಎಂಬುದು ಎಲ್ಲಿ ತಪ್ಪುತ್ತದೆ ಎಂಬುದರ ಗಡಿ ತೋರಿಸುತ್ತದೆ. ಹೀಗೆ ಬರೆಯುವುದನ್ನು ಪಾಠ ಕೇಳಿ ಕಲಿತವರು ಕಡಿಮೆ. ಹಿರಿಯರ ಹಳೆಯ ಟಿಕೆಟ್‌ಗಳನ್ನು ಓದಿ ಕಲಿತವರೇ ಹೆಚ್ಚು.

ಕೂಡಿ ಕಲಿಯುವುದಕ್ಕೆ ಒಂದು ಒಳ್ಳೆಯ ಕ್ರಮ ಹುಟ್ಟಿದ್ದು ಬೆಂಗಳೂರಿನಲ್ಲೇ. 2009ರ ಆಗಸ್ಟ್‌ನಲ್ಲಿ ಅಜಯ್ ಬಾಲಮುರುಗದಾಸ್, ಪರಿಮಳಾ ಶಂಕರಯ್ಯ, ಶರತ್ ಬೈರೇಗೌಡ, ಮನೋಜ್ ನಾಯರ್ ಸೇರಿ ‘ವೀಕೆಂಡ್ ಟೆಸ್ಟಿಂಗ್’ ಶುರುಮಾಡಿದರು. ವಾರದ ಕೊನೆಯಲ್ಲಿ ಸ್ಕೈಪ್‌ನಲ್ಲಿ ಸೇರುತ್ತಿದ್ದರು. ಎಲ್ಲರೂ ಒಂದೇ ಸಾಫ್ಟ್‌ವೇರ್ ತೆರೆದು, ಒಂದೇ ಗುರಿ ಇಟ್ಟುಕೊಂಡು ಟೆಸ್ಟ್ ಮಾಡುತ್ತಿದ್ದರು. ಆಮೇಲೆ ಯಾರು ಯಾವ ದಾರಿ ಹಿಡಿದರು, ಯಾಕೆ ಹಿಡಿದರು ಎಂದು ಮಾತಾಡುತ್ತಿದ್ದರು. ಫೀಸಿರಲಿಲ್ಲ, ಬಾಸ್ ಇರಲಿಲ್ಲ. ಕೊನೆಯ ಆ ಮಾತುಕತೆಯೇ ಇದರ ಜೀವ: ಸಿಕ್ಕ ದೋಷ ಆ ಸಾಫ್ಟ್‌ವೇರಿಗಷ್ಟೇ ಸೇರಿದ್ದು, ಹಿಡಿದ ದಾರಿ ಸೋಮವಾರದ ಆಫೀಸಿಗೂ ಬರುತ್ತದೆ. ಮರುವರ್ಷವೇ ಇದು ಯುರೋಪಿಗೂ ಅಮೆರಿಕಕ್ಕೂ ಹಬ್ಬಿತು. ಕೆಲಸಕ್ಕೆ ಜನರನ್ನಷ್ಟೇ ಕಳಿಸುವ ಊರು ಎಂದು ಬೆಂಗಳೂರನ್ನು ಬಲ್ಲವರಿಗೆ ಈ ರಫ್ತು ಅಷ್ಟಾಗಿ ಗೊತ್ತಿಲ್ಲ.

ಹಾಗೆ ಮೊದಲೇ ಪಟ್ಟಿ ಮಾಡಿಕೊಳ್ಳದೆ ಅಲೆದಾಡುತ್ತ ಟೆಸ್ಟ್ ಮಾಡುವುದಕ್ಕೂ ಒಂದು ಶಿಸ್ತು ಇದೆ. 2000ದ ಹೊತ್ತಿಗೆ ಜೇಮ್ಸ್ ಬಾಕ್, ಜೊನಾಥನ್ ಬಾಕ್ ಸಹೋದರರು ರೂಪಿಸಿದ ಕ್ರಮದಲ್ಲಿ ಟೆಸ್ಟರ್ ಒಂದು ಸಾಲಿನ ಉದ್ದೇಶ ಬರೆದುಕೊಂಡು ಸುಮಾರು 90 ನಿಮಿಷ ಯಾವ ಅಡ್ಡಿಯೂ ಇಲ್ಲದೆ ಕೂರುತ್ತಾರೆ, ನೋಡಿದ್ದನ್ನೆಲ್ಲ ಟಿಪ್ಪಣಿ ಮಾಡುತ್ತಾರೆ, ಎದ್ದ ಮೇಲೆ ಇನ್ನೊಬ್ಬರಿಗೆ ವರದಿ ಒಪ್ಪಿಸುತ್ತಾರೆ. ವರದಿ ಒಪ್ಪಿಸುವಾಗಲೇ ‘ಅಯ್ಯೋ, ಅದನ್ನು ನೋಡಲೇ ಇಲ್ಲ’ ಎಂದು ನಾಲಿಗೆ ಕಚ್ಚಿಕೊಳ್ಳುವುದು ಮಾಮೂಲು.

ಒಮ್ಮೆ ಸಿಕ್ಕ ದೋಷ ಮತ್ತೆ ತಲೆ ಎತ್ತದಂತೆ ಕಾಯುವ ಕೂಲಿಯನ್ನು ಯಂತ್ರಕ್ಕೆ ಬಿಡುತ್ತಾರೆ. ಜೇಸನ್ ಹಗಿನ್ಸ್ 2004ರಲ್ಲಿ ಶುರುಮಾಡಿದ ಸೆಲೆನಿಯಂ ಎಂಬ ಸಾಧನ ಬ್ರೌಸರನ್ನು ತಾನೇ ಓಡಿಸಿ, ಹೇಳಿಕೊಟ್ಟದ್ದನ್ನು ರಾತ್ರಿಯಿಡೀ ಪರೀಕ್ಷಿಸುತ್ತದೆ. ಹೇಳಿಕೊಡದ್ದನ್ನು ನೋಡುವುದಿಲ್ಲ. ಹೀಗೆ ಕೂಡುತ್ತ ಹೋದ ಟೆಸ್ಟ್ ಸಾಲುಗಳ ಪಟ್ಟಿಗೆ ವರ್ಷಗಳಾದಾಗ, ಎಫ್‌ಎನ್‌ಯು ಎಂಬ ಸಾಲು ಇಲ್ಲಿ ಯಾಕಿದೆ ಎಂದು ಹೊಸಬರು ಕೇಳುತ್ತಾರೆ. ಬರೆದವರು ಅಷ್ಟರಲ್ಲಿ ಬೇರೆ ಕಂಪನಿಗೆ ಹೋಗಿರುತ್ತಾರೆ. ಅರ್ಥವಾಗದ ಸಾಲನ್ನು ಯಾರೋ ಅಳಿಸುತ್ತಾರೆ, ಎರಡು ರಿಲೀಸ್ ಕಳೆಯುವುದರೊಳಗೆ ಹಳೆಯ ದೋಷ ವಾಪಸ್ಸು ಬರುತ್ತದೆ. ಇದನ್ನು ಉಂಡು ಬಲ್ಲ ತಂಡಗಳು ಪ್ರತಿ ಸಾಲಿನ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸುತ್ತವೆ: ಯಾವ ದಿನ, ಏನಾಯಿತು, ಯಾರಿಗೆ ತೊಂದರೆಯಾಯಿತು.