ಬೆಟ್ಟದ ದಾರಿಯ ಸೇವೆ

ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಅರವಟ್ಟಿಗೆ ಇಡಿಸುವುದು, ಸಾಲುಮರ ನೆಡಿಸುವುದು ನಮ್ಮ ಹಿರಿಯರಿಂದ ಬಂದ ಪುಣ್ಯಕಾರ್ಯಗಳು. ಇವೆಲ್ಲ ಒಂದು ದಿನ ಆರಂಭವಾಗಿ ಮತ್ತೊಂದು ದಿನ ಮುಗಿಯುತ್ತವೆ. ಮುಗಿದ ಮೇಲೆ ದಾನಿಗಳ ಹೆಸರು ಕೆತ್ತಿಸಲು ಒಂದು ಕಲ್ಲೂ ದೊರೆಯುತ್ತದೆ. ಕಟ್ಟಿದ್ದು ಹಳತಾಗಿ ಕುಸಿದಾಗ ಜೀರ್ಣೋದ್ಧಾರ ಮಾಡಿಸುತ್ತೇವೆ. ಆದರೆ ಜೀರ್ಣೋದ್ಧಾರವೆಂಬುದು ಜೀರ್ಣವಾದ ಮೇಲಿನ ಮಾತು. ಜೀರ್ಣವಾಗದಂತೆ ವರ್ಷವರ್ಷವೂ ನೋಡಿಕೊಳ್ಳುವ ಸೇವೆಗೆ ನಮ್ಮಲ್ಲಿ ಅಂಥದೊಂದು ಹೆಸರಿಲ್ಲ. ಹೆಸರಿಲ್ಲದ್ದರಿಂದಲೇ ಇರಬೇಕು, ಅದಕ್ಕೆ ದಾನಿಗಳೂ ವಿರಳ.

ಮಗನ ಮನೆಯಲ್ಲಿ ಕೆಲವು ತಿಂಗಳು ಇರಲೆಂದು ಅಮೆರಿಕದ ವರ್ಜೀನಿಯಾ ರಾಜ್ಯಕ್ಕೆ ಹೋಗಿದ್ದಾಗ ಅಂಥ ಸೇವೆಯನ್ನು ಕಣ್ಣಾರೆ ಕಾಣುವ ಅವಕಾಶ ಒದಗಿತು. ಆ ದೇಶದ ಪೂರ್ವಭಾಗದ ಪರ್ವತಶ್ರೇಣಿಯಲ್ಲಿ ಅಪಲೇಚಿಯನ್ ಟ್ರೈಲ್ ಎಂಬ ಕಾಲುದಾರಿಯೊಂದಿದೆ. ದಕ್ಷಿಣದಲ್ಲಿ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಉತ್ತರದಲ್ಲಿ ಮೇಯ್ನ್ ರಾಜ್ಯದ ಕಟಾಡಿನ್ ಶಿಖರದವರೆಗೆ, 14 ರಾಜ್ಯಗಳನ್ನು ಹಾದು, ಸುಮಾರು 3,500 ಕಿಲೋಮೀಟರ್ ಉದ್ದಕ್ಕೆ ಅದು ಸಾಗುತ್ತದೆ. ಬೆಂಟನ್ ಮೆಕಾಯ್ ಎಂಬ ಅರಣ್ಯತಜ್ಞರು 1921ರಲ್ಲಿ ಇದರ ಕಲ್ಪನೆಯನ್ನು ಲೇಖನವೊಂದರಲ್ಲಿ ಮಂಡಿಸಿದರು. 1937ರಲ್ಲಿ ದಾರಿ ಪೂರ್ಣವಾಯಿತು. 1968ರ ಕಾಯ್ದೆಯೊಂದರಿಂದ ಅದಕ್ಕೆ ರಾಷ್ಟ್ರೀಯ ಮಾನ್ಯತೆ ದೊರೆತರೂ, ದಾರಿಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಇಂದಿಗೂ ಬಹುಮಟ್ಟಿಗೆ ಸಂಬಳವಿಲ್ಲದ ಸ್ವಯಂಸೇವಕರದೇ. ಸುಮಾರು ಮೂವತ್ತು ಸಂಘಗಳು ದಾರಿಯನ್ನು ತಮ್ಮತಮ್ಮೊಳಗೆ ಹಂಚಿಕೊಂಡಿವೆ. ನಾನಿದ್ದ ಪ್ರದೇಶದ ಸಂಘ 1927ರಲ್ಲಿ ಸ್ಥಾಪಿತವಾದುದು. ಅದು ತನ್ನ ಪಾಲನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ವಿಂಗಡಿಸಿ ಒಂದೊಂದಕ್ಕೆ ಒಬ್ಬೊಬ್ಬ ಮೇಲ್ವಿಚಾರಕರನ್ನು ನೇಮಿಸಿದೆ.

ಅಂಥ ಮೇಲ್ವಿಚಾರಕರೊಬ್ಬರೊಡನೆ ನಾನು ಒಂದು ದಿನವನ್ನು ಬೆಟ್ಟದಲ್ಲಿ ಕಳೆದೆ. ನಿವೃತ್ತರು, ನನಗಿಂತ ವಯಸ್ಸಿನಲ್ಲಿ ಹಿರಿಯರು. ಹೆಗಲ ಮೇಲೆ ಗುದ್ದಲಿ, ಚೀಲದಲ್ಲಿ ರೆಂಬೆ ಕತ್ತರಿಸುವ ಕತ್ತರಿ, ಒಂದು ಕೈಗರಗಸ, ಮಧ್ಯಾಹ್ನದ ಬುತ್ತಿ. ಮರ ಬಂಡೆಗಳ ಮೇಲೆ ಎರಡಂಗುಲ ಅಗಲ, ಆರಂಗುಲ ಉದ್ದದ ಬಿಳಿ ಪಟ್ಟಿಗಳನ್ನು ಬಳಿದಿರುತ್ತಾರೆ. ಅವೇ ಪಥಿಕನಿಗೆ ದಾರಿಯ ಗುರುತು. ಮಾಸಿದ ಪಟ್ಟಿಗಳನ್ನು ಮತ್ತೆ ಬಳಿಯುವುದೂ ಇವರದೇ ಕೆಲಸ. ಆದರೆ ಆ ದಿನದ ಹೆಚ್ಚಿನ ಹೊತ್ತು ಕಳೆದದ್ದು ನೀರಿನ ಚಿಂತೆಯಲ್ಲಿ. ಬೆಟ್ಟದ ದಾರಿಯನ್ನು ಕೆಡಿಸುವುದು ಕಾಲುಗಳಿಗಿಂತ ಮಿಗಿಲಾಗಿ ನೀರು. ದಾರಿಯ ಗುಂಟ ಹರಿಯತೊಡಗಿದ ಮಳೆನೀರು ಮಣ್ಣನ್ನು ಕೊರೆದು, ಕೆಲವೇ ವರ್ಷಗಳಲ್ಲಿ ದಾರಿಯನ್ನು ಹಳ್ಳವಾಗಿಸುತ್ತದೆ. ಆದ್ದರಿಂದ ಅಲ್ಲಲ್ಲಿ ದಾರಿಗೆ ಓರೆಯಾಗಿ ಕಲ್ಲು ಇಲ್ಲವೆ ಮರದ ದಿಮ್ಮಿಯನ್ನು ಹೂತು, ನೀರನ್ನು ಪಕ್ಕದ ಇಳಿಜಾರಿಗೆ ತಿರುಗಿಸುತ್ತಾರೆ. ಈ ತಡೆಯ ಹಿಂದೆ ಎಲೆ, ಹೂಳು ತುಂಬಿದರೆ ನೀರು ಮತ್ತೆ ದಾರಿ ಹಿಡಿಯುತ್ತದೆ. ಆ ಹೂಳನ್ನು ತೆಗೆಯುವುದು ಮುಗಿಯದ ಕೆಲಸ.

ಗುದ್ದಲಿ ಹಿಡಿದಾಗ ನನ್ನ ಕೈ ಒಂದು ಕ್ಷಣ ತಡೆಯಿತು. ಮಣ್ಣಿನಲ್ಲಿ ಎರೆಹುಳು, ಇರುವೆ, ಕಣ್ಣಿಗೆ ಕಾಣದ ಎಷ್ಟೋ ಜೀವಗಳು. ಇದು ಹಿಂಸೆಯಲ್ಲವೇ? ನನ್ನ ಸಂದೇಹವನ್ನು ಕೇಳಿದ ಆ ಹಿರಿಯರು ವಾದಿಸಲಿಲ್ಲ. ಸ್ವಲ್ಪ ದೂರ ಕರೆದೊಯ್ದು ಒಂದು ಜಾಗವನ್ನು ತೋರಿಸಿದರು. ಅಲ್ಲಿ ನೀರು ನಿಂತು ಕೆಸರಾಗಿತ್ತು. ಕೆಸರನ್ನು ತಪ್ಪಿಸಲು ಜನ ಬದಿಗೆ ಸರಿದು ನಡೆದು, ಒಂದು ದಾರಿ ಮೂರಾಗಿತ್ತು. ನಡುವಿನ ಹುಲ್ಲು, ಸಸಿಗಳೆಲ್ಲ ತುಳಿತಕ್ಕೆ ಸಿಕ್ಕಿ ಸತ್ತಿದ್ದವು. ದಾರಿ ಇಕ್ಕಟ್ಟಾಗಿ, ಒಂದೇ ಆಗಿ ಉಳಿದರೆ ಸಾವಿರಾರು ಪಾದಗಳು ಮೊಳದಗಲದ ನೆಲಕ್ಕೆ ಸೀಮಿತವಾಗುತ್ತವೆ. ಉಳಿದ ಕಾಡು ಜೀವಿಗಳದಾಗಿಯೇ ಇರುತ್ತದೆ. ಅಗೆತದಲ್ಲಿ ಹಿಂಸೆಯೇ ಇಲ್ಲವೆಂದು ನಾನು ಹೇಳಲಾರೆ. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ತಿಯಾಗಿ ತಪ್ಪುವುದಿಲ್ಲ; ಎಚ್ಚರದಿಂದ ಅದನ್ನು ಕಡಿಮೆ ಮಾಡಬಲ್ಲನಷ್ಟೆ. ಆದರೆ ಸುಮ್ಮನಿದ್ದುದರಿಂದ ಆಗುವ ಹಿಂಸೆ ಅದಕ್ಕಿಂತ ಹಿರಿದಾಗಿರಬಹುದು. ಅದರ ಹೊಣೆಯನ್ನು ಮಾತ್ರ ಯಾರೂ ಹೊರುವುದಿಲ್ಲ. ಅಂದು ಗುದ್ದಲಿಯನ್ನು ಮೆಲ್ಲಗೆ ಹಾಕುತ್ತ, ಸಿಕ್ಕ ಹುಳುಗಳನ್ನು ಎಲೆಯ ಮೇಲೆ ಬದಿಗೆ ಸರಿಸುತ್ತ ಕೆಲಸ ಮುಂದುವರಿಸಿದೆ. ನನ್ನ ನಿಧಾನಕ್ಕೆ ಆ ಹಿರಿಯರು ಬೇಸರಿಸಲಿಲ್ಲ.

ಈ ದಾರಿ ಪೂರ್ಣವಾದ ಮರುವರ್ಷವೇ, ಅಂದರೆ 1938ರಲ್ಲಿ, ಭಾರಿ ಚಂಡಮಾರುತವೊಂದು ಉತ್ತರ ಭಾಗವನ್ನು ಹಾಳುಗೆಡವಿತು. ಬೇರೆ ಕಾರಣಗಳೂ ಸೇರಿ, ದಾರಿ ಮತ್ತೆ ಅಖಂಡವಾಗುವ ಹೊತ್ತಿಗೆ 1951 ಬಂದಿತ್ತು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತದಿಂದ ದಕ್ಷಿಣ ಭಾಗದಲ್ಲಿ ಅಸಂಖ್ಯ ಮರಗಳು ಅಡ್ಡಬಿದ್ದವು. ಟೆನೆಸೀ ರಾಜ್ಯದಲ್ಲಿ ಪಥಿಕರು ನೊಲಿಚಕಿ ನದಿಯನ್ನು ದಾಟುತ್ತಿದ್ದ ಸೇತುವೆ ಕೊಚ್ಚಿಹೋಯಿತು. ಸ್ವಯಂಸೇವಕರು ಗರಗಸ ಹಿಡಿದು ಮತ್ತೆ ಬೆಟ್ಟವೇರಿದರು. ಮುಂದಿನ ಬಿರುಗಾಳಿ ತಮ್ಮ ದುಡಿಮೆಯನ್ನು ಅಳಿಸಬಹುದೆಂದು ಬಲ್ಲವರೇ ಅವರು. ಅವರು ಚೆನ್ನಾಗಿ ದುಡಿದಷ್ಟೂ ಪಥಿಕನಿಗೆ ಅವರ ಇರವು ತಿಳಿಯುವುದಿಲ್ಲ. ಫಲಾಪೇಕ್ಷೆಯನ್ನು ಬಿಡುವ ಅಭ್ಯಾಸಕ್ಕೆ ಇದಕ್ಕಿಂತ ತಕ್ಕ ಕಾರ್ಯ ನನಗೆ ತೋರದು.

ನಮ್ಮ ತೀರ್ಥಕ್ಷೇತ್ರಗಳಲ್ಲಿಯೂ ಬೆಟ್ಟಗಳು ಹಲವು. ವಿಂಧ್ಯಗಿರಿಯಂತೆ ಬಂಡೆಯಲ್ಲೇ ಕಡೆದ ಮೆಟ್ಟಿಲುಗಳು ಎಲ್ಲೆಡೆಯೂ ಇಲ್ಲ. ಮಣ್ಣಿನ ದಾರಿಗಳೂ ಇವೆ, ಹಾಸುಗಲ್ಲಿನವೂ ಇವೆ. ನಾನು ಬಲ್ಲ ಕ್ಷೇತ್ರವೊಂದರಲ್ಲಿ ಪ್ರತಿ ಮೆಟ್ಟಿಲ ಮೇಲೂ ದಾನಿಗಳ ಹೆಸರಿದೆ. ಪಕ್ಕದ ಚರಂಡಿ ಮಾತ್ರ ಎಲೆಯಿಂದ ತುಂಬಿ, ನೀರು ಮೆಟ್ಟಿಲುಗಳ ಅಡಿಯ ಮಣ್ಣನ್ನೇ ತಿನ್ನುತ್ತಿದೆ. ವೃದ್ಧರು ಆ ಅಲುಗುವ ಕಲ್ಲುಗಳ ಮೇಲೆ ಕಾಲಿಡಬೇಕಾಗಿದೆ.

ಹೊಸ ಮೆಟ್ಟಿಲು ಹಾಕಿಸುವ ಮುನ್ನ ಆಡಳಿತ ಮಂಡಳಿಗಳು ಹಳೆಯ ಚರಂಡಿಯನ್ನೊಮ್ಮೆ ನೋಡಬೇಕೆಂಬುದು ನನ್ನ ವಿನಂತಿ. ಇದಕ್ಕೆ ದೊಡ್ಡ ನಿಧಿ ಬೇಡ. ದಾರಿಯನ್ನು ನೂರು ನೂರು ಹೆಜ್ಜೆಗಳಾಗಿ ವಿಂಗಡಿಸಿ, ಊರಿನ ಒಂದೊಂದು ಕುಟುಂಬಕ್ಕೆ ಒಪ್ಪಿಸಬಹುದು. ಮಳೆಗಾಲಕ್ಕೆ ಮುನ್ನ ಒಂದು ದಿನ, ಮುಗಿದ ಮೇಲೆ ಒಂದು ದಿನ ಹಿರಿಯರು ಮಕ್ಕಳೊಡನೆ ಹೋಗಿ ಎಲೆ, ಹೂಳು ತೆಗೆದು, ಸಡಿಲವಾದ ಕಲ್ಲನ್ನು ಬಿಗಿಗೊಳಿಸಿ ಬಂದರೆ ಸಾಕು. ಆ ನೂರು ಹೆಜ್ಜೆಗಳಲ್ಲಿ ಯಾರ ಹೆಸರನ್ನೂ ಬರೆಯದಿರೋಣ.