ಸೋಲುವ ಮೊದಲೇ ಇಳಿದವನು

ಹೋದ ತಿಂಗಳು ಒಂದು ರಾತ್ರಿ ಕರೆಂಟ್ ಇರಲಿಲ್ಲ. ನಾವು ಮೂವರು ಗೆಳೆಯರು, ನಮ್ಮಲ್ಲೊಬ್ಬನ ಮನೆಯ ಕಟ್ಟೆಯ ಮೇಲೆ ಕೂತು, ಒಂದೇ ಮೊಬೈಲಿನಲ್ಲಿ ಹಳೇ ಬಾಕ್ಸಿಂಗ್ ಪಂದ್ಯ ನೋಡುತ್ತಿದ್ದೆವು. ಕಪ್ಪು-ಬಿಳುಪು ವಿಡಿಯೊ. 1951ರ ಅಕ್ಟೋಬರ್ 26, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಆರಡಿಯನ್ನೂ ಮುಟ್ಟದ, ಗಿಡ್ಡ ತೋಳಿನ ಹುಡುಗನೊಬ್ಬ ತನಗಿಂತ ಎತ್ತರದವನಿಗೆ ಎಂಟನೇ ಸುತ್ತಿನಲ್ಲಿ ಹೊಡೆದ ಏಟಿಗೆ, ಆತ ಹಗ್ಗದ ನಡುವಿನಿಂದ ಹೊರಬಿದ್ದ. ನಾವು ಹೋ ಎಂದು ಕೂಗಿದೆವು. ಬಾಗಿಲಲ್ಲಿ ನಿಂತಿದ್ದ ಗೆಳೆಯನ ಮಾಮಾ ಮಾತ್ರ ಕೂಗಲಿಲ್ಲ.

"ಬಿದ್ದಾಂವಗ ವಯಸ್ಸೆಷ್ಟಪಾ?" ಎಂದು ಕೇಳಿದರು.

ಹುಡುಕಿ ನೋಡಿದೆವು. 37.

"ಮತ್ತ್ಯಾಕ ಆಡಾಕ ಬಂದಿದ್ದ?"

ಮಾಮಾ ಒಂದು ಕಾಲದ ಪೈಲ್ವಾನರು. ಅವರು ಅದನ್ನು ಯಾಕೆ ಕೇಳಿದರು ಎಂಬುದು ನಮಗೆ ಗೊತ್ತಿತ್ತು. ಅದಕ್ಕೆ ಆಮೇಲೆ ಬರುತ್ತೇವೆ.

ಹೊಡೆದವನು ರಾಕಿ ಮಾರ್ಸಿಯಾನೊ. ಹೆವಿವೇಟ್ ಬಾಕ್ಸಿಂಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಸೋಲದೆ ನಿವೃತ್ತನಾದ ವಿಶ್ವ ಚಾಂಪಿಯನ್. 49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕೌಟ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್ ಎಂಬ ಊರಿನವನು. ಬೂಟು ತಯಾರಿಸುವ ಕಾರ್ಖಾನೆಗಳ ಊರು ಅದು. ಇಟಲಿಯಿಂದ ಬಂದ ಅಪ್ಪ ಅಲ್ಲೇ ಕೂಲಿ ಮಾಡಿ ಸವೆದಿದ್ದ. ಮಗನಿಗೆ ಆ ಕಾರ್ಖಾನೆ ಬೇಡವಾಗಿತ್ತು. ಮೊದಲು ಬೇಸ್‌ಬಾಲ್ ಆಟಗಾರನಾಗಲು ನೋಡಿದ, ಆಯ್ಕೆಯಾಗಲಿಲ್ಲ. ಬಾಕ್ಸಿಂಗ್ ಹಿಡಿದದ್ದು ತಡವಾಗಿ. ಚಾಂಪಿಯನ್ ಪಟ್ಟ ಬಂದಾಗ ವಯಸ್ಸು 29 ತುಂಬಿತ್ತು. 1952ರ ಸೆಪ್ಟೆಂಬರ್ 23ರಂದು ಜೆರ್ಸಿ ಜೋ ವಾಲ್ಕಾಟ್ ಎದುರು ಮೊದಲ ಸುತ್ತಿನಲ್ಲೇ ನೆಲಕ್ಕೆ ಬಿದ್ದ, ಅಂಕಗಳಲ್ಲಿ ಹಿಂದಿದ್ದ, ಹದಿಮೂರನೇ ಸುತ್ತಿನಲ್ಲಿ ಒಂದೇ ಬಲಗೈ ಏಟಿಗೆ ಎಲ್ಲ ಮುಗಿಸಿದ.

ಆರು ಸಲ ಪಟ್ಟ ಉಳಿಸಿಕೊಂಡ. ಒಂದು ಪಂದ್ಯದಲ್ಲಿ ಎಜರ್ಡ್ ಚಾರ್ಲ್ಸ್ ಇವನ ಮೂಗನ್ನೇ ಸೀಳಿಬಿಟ್ಟ. ಪಂದ್ಯ ನಿಲ್ಲಿಸುತ್ತಾರೆ ಎನ್ನುವಷ್ಟರಲ್ಲಿ ಎಂಟನೇ ಸುತ್ತಿನಲ್ಲಿ ಚಾರ್ಲ್ಸ್‌ನನ್ನು ಕೆಡವಿದ. ಕೊನೆಯದು 1955ರ ಸೆಪ್ಟೆಂಬರ್‌ನಲ್ಲಿ, ಆರ್ಚಿ ಮೂರ್ ಜೊತೆ. ಅಲ್ಲೂ ಮೊದಲು ಬಿದ್ದವನು ಇವನೇ, ಗೆದ್ದವನೂ ಇವನೇ. ಮುಂದಿನ ಏಪ್ರಿಲ್ 27ರಂದು, 32ನೇ ವಯಸ್ಸಿಗೆ, ಸಾಕು ಎಂದ. ಹೆಂಡತಿ, ಮಗಳ ಜೊತೆ ಇರಬೇಕು ಎಂದು ಕಾರಣ ಕೊಟ್ಟ. ಬೆನ್ನುನೋವೂ ಇತ್ತು, ಮ್ಯಾನೇಜರ್ ಮೇಲೆ ಸಿಟ್ಟೂ ಇತ್ತು.

ಇಲ್ಲಿಂದ ನಮ್ಮ ಜಗಳ ಶುರುವಾಯಿತು. ನಮ್ಮಲ್ಲಿ ಒಬ್ಬ, ಇದೇ ನೋಡ್ರಿ ಜಾಣತನ, ಎಂದ. ಇನ್ನೊಬ್ಬ ಒಪ್ಪಲಿಲ್ಲ. ಅವನು ಗೆದ್ದ ದೊಡ್ಡ ಹೆಸರುಗಳ ವಯಸ್ಸು ನೋಡು ಎಂದ. ಲೂಯಿ 37, ವಾಲ್ಕಾಟ್ 38, ಮೂರ್ ಕೂಡ 38 ದಾಟಿದವನು. ಚಾರ್ಲ್ಸ್ ವಯಸ್ಸಿನಲ್ಲಿ ಚಿಕ್ಕವನಾದರೂ ಎಷ್ಟೋ ಪಂದ್ಯ ಆಡಿ ಬಸವಳಿದಿದ್ದ. ಮುಂದೆ ಬಂದ ಹುಡುಗರ ಜೊತೆ ಮಾರ್ಸಿಯಾನೊ ಆಡಲೇ ಇಲ್ಲವಲ್ಲ. ಅವನು ಬಿಟ್ಟ ಪಟ್ಟವನ್ನು ಅದೇ ವರ್ಷ ನವೆಂಬರ್‌ನಲ್ಲಿ ಅದೇ ಮೂರ್‌ನನ್ನು ಸೋಲಿಸಿ ಪಡೆದ ಫ್ಲಾಯ್ಡ್ ಪ್ಯಾಟರ್ಸನ್‌ಗೆ ಬರೀ 21 ವರ್ಷ. ಈ ಮಾತನ್ನು ಬಾಕ್ಸಿಂಗ್ ಬಲ್ಲವರು ಇವತ್ತಿಗೂ ಎತ್ತುತ್ತಾರೆ. ಬೇಗ ನಿಲ್ಲಿಸಿದ್ದಕ್ಕೆ ದಾಖಲೆ ಶುಭ್ರವಾಗಿ ಉಳಿಯಿತು, ಬೇಗ ನಿಲ್ಲಿಸಿದ್ದಕ್ಕೇ ಅದರ ಮೇಲೆ ಅನುಮಾನವೂ ಉಳಿಯಿತು.

ಆ ಅನುಮಾನ ತೀರಿಸಲು ಒಂದು ವಿಚಿತ್ರ ಪ್ರಯತ್ನ ನಡೆದಿತ್ತು. 1969ರಲ್ಲಿ ಮಾರ್ಸಿಯಾನೊ ಮತ್ತು ಮೊಹಮ್ಮದ್ ಅಲಿ ಇಬ್ಬರನ್ನೂ ಕರೆಸಿ, ಕ್ಯಾಮೆರಾ ಮುಂದೆ ಸುಳ್ಳು ಪಂದ್ಯ ಆಡಿಸಿದರು. ಯಾರು ಗೆಲ್ಲುತ್ತಾರೆಂದು ಕಂಪ್ಯೂಟರ್ ಹೇಳುತ್ತದೆ ಎಂಬ ಪ್ರಚಾರ. ಸೇನೆಗೆ ಸೇರಲು ಒಪ್ಪದ ಅಲಿಯನ್ನು ಆಗ ರಿಂಗಿನಿಂದ ಹೊರಗಿಟ್ಟಿದ್ದರು. ಮಾರ್ಸಿಯಾನೊ ಸಾಕಷ್ಟು ತೂಕ ಇಳಿಸಿ, ಬೋಳುತಲೆಗೆ ಕೃತಕ ಕೂದಲು ಹಾಕಿಕೊಂಡು ಬಂದ. ಬೇರೆ ಬೇರೆ ಮುಕ್ತಾಯಗಳನ್ನು ಚಿತ್ರಿಸಿಟ್ಟುಕೊಂಡರು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ತೋರಿಸಿದಾಗ ಹದಿಮೂರನೇ ಸುತ್ತಿನಲ್ಲಿ ಮಾರ್ಸಿಯಾನೊ ಗೆದ್ದಿದ್ದ. ಆದರೆ ಅದನ್ನು ನೋಡಲು ಅವನಿರಲಿಲ್ಲ. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, 1969ರ ಆಗಸ್ಟ್ 31ರಂದು, ಅಯೋವಾ ರಾಜ್ಯದಲ್ಲಿ ಸಣ್ಣ ವಿಮಾನ ಬಿದ್ದು ಸತ್ತ. ಮರುದಿನ ಅವನಿಗೆ 46 ತುಂಬುತ್ತಿತ್ತು.

ನಮಗೆ ಕಾಡಿದ್ದು ಇದಲ್ಲ, ಮಾಮಾ ಕೇಳಿದ ಪ್ರಶ್ನೆ. 37ರ ಲೂಯಿ ಯಾಕೆ ಆಡಲು ಬಂದಿದ್ದ?

ಜೋ ಲೂಯಿ ಹನ್ನೆರಡು ವರ್ಷ ವಿಶ್ವ ಚಾಂಪಿಯನ್ ಆಗಿದ್ದವನು. 25 ಸಲ ಪಟ್ಟ ಉಳಿಸಿಕೊಂಡವನು. ಅವನೂ 1949ರಲ್ಲಿ ಗೆದ್ದುಕೊಂಡೇ ನಿವೃತ್ತನಾಗಿದ್ದ. ಯುದ್ಧದ ಕಾಲದಲ್ಲಿ, 1942ರಲ್ಲಿ, ಎರಡು ಪಂದ್ಯಗಳ ಗಳಿಕೆಯನ್ನು ಸೇನೆ ಮತ್ತು ನೌಕಾಪಡೆಯ ಪರಿಹಾರ ನಿಧಿಗೆ ಕೊಟ್ಟಿದ್ದ. ತೆರಿಗೆಯವರು ಕೊಟ್ಟ ಹಣಕ್ಕೂ ತೆರಿಗೆ ಹಾಕಿದರು. ಸಾಲ ಬೆಳೆಯುತ್ತಲೇ ಹೋಯಿತು. ಬಡ್ಡಿ ಸೇರಿ ಬೆಳೆಯುವ ಸಾಲದ ಬಗ್ಗೆ ನಿಮಗೆ ನಾವು ವಿವರಿಸಬೇಕಿಲ್ಲ. ಅದನ್ನು ತೀರಿಸಲು ಲೂಯಿಗೆ ಗೊತ್ತಿದ್ದ ಕೆಲಸ ಒಂದೇ. 1950ರಲ್ಲಿ ವಾಪಸ್ ಬಂದು ಚಾರ್ಲ್ಸ್ ಎದುರು ಸೋತ, ಮರುವರ್ಷ ಮಾರ್ಸಿಯಾನೊ ಎದುರು ಹಗ್ಗದಾಚೆ ಬಿದ್ದ. ಮುಂದೆ ಲಾಸ್ ವೇಗಸ್‌ನ ಒಂದು ಜೂಜಿನ ಹೋಟೆಲಿನಲ್ಲಿ ಬಂದವರ ಕೈಕುಲುಕುವ ಕೆಲಸ ಮಾಡಿದ.

ಮಾರ್ಸಿಯಾನೊಗೆ ಲೂಯಿ ಎಂದರೆ ದೇವರು. ಗೆದ್ದ ರಾತ್ರಿ ಅತ್ತಿದ್ದ. 49ರ ಲೆಕ್ಕದಲ್ಲಿ ಆ ಗೆಲುವೂ ಒಂದು. ನಿಲ್ಲಿಸಬೇಕಿದ್ದಾಗ ನಿಲ್ಲಿಸಲಾಗದವನನ್ನು ಕೆಡವಿ ಬಂದ ಅಂಕೆ. ಅದನ್ನು ಕಣ್ಣಾರೆ ಕಂಡಿದ್ದಕ್ಕೇ ಮಾರ್ಸಿಯಾನೊ ಬೇಗ ಇಳಿದನೋ ಏನೋ, ಹಾಗೆಂದು ನಮ್ಮ ಊಹೆ. 1959ರಲ್ಲಿ ಅವನಿಗೂ ವಾಪಸ್ ಬರುವ ಆಸೆ ಹುಟ್ಟಿತ್ತು. ಸುಮಾರು ಒಂದು ತಿಂಗಳು ತಾಲೀಮು ಮಾಡಿ ಬಿಟ್ಟುಬಿಟ್ಟ. ಬಿಡುವುದು ಅವನ ಕೈಯಲ್ಲಿತ್ತು. ಹೊಟ್ಟೆಗೆ ತೊಂದರೆ ಇರಲಿಲ್ಲ.

ದುಡ್ಡಿನ ವಿಷಯದಲ್ಲಿ ಅವನದೂ ಒಂದು ಕಥೆಯಿದೆ. ಬ್ಯಾಂಕು ನಂಬುತ್ತಿರಲಿಲ್ಲ. ನಗದು ಕಟ್ಟುಗಳನ್ನು ಅಲ್ಲಿ ಇಲ್ಲಿ ಬಚ್ಚಿಡುತ್ತಿದ್ದ, ಎಲ್ಲಿ ಎಂದು ಬರೆದಿಡಲಿಲ್ಲ. ವಿಮಾನ ಬಿದ್ದ ಮೇಲೆ ಮನೆಯವರು ಹುಡುಕಿದರು, ಬಹುಪಾಲು ಸಿಗಲೇ ಇಲ್ಲ. ಯಾರ ಸಂಸಾರಕ್ಕಾಗಿ ರಿಂಗು ಬಿಟ್ಟನೋ ಅವರ ಕೈಗೆ ಗಟ್ಟಿಯಾಗಿ ಸಿಕ್ಕಿದ್ದು ಆ ಅಂಕೆಯೊಂದೇ. ಲ್ಯಾರಿ ಹೋಮ್ಸ್ 48 ಗೆದ್ದು, 1985ರಲ್ಲಿ 49ನೆಯದರಲ್ಲಿ ಮೈಕೆಲ್ ಸ್ಪಿಂಕ್ಸ್ ಎದುರು ಸೋತ. ಹೆವಿವೇಟ್ ಅಲ್ಲದ ಫ್ಲಾಯ್ಡ್ ಮೇವೆದರ್ 2017ರಲ್ಲಿ 50 ಮುಟ್ಟಿದ. ಆ ಐವತ್ತನೆಯವನು ಅದುವರೆಗೆ ವೃತ್ತಿಪರ ಬಾಕ್ಸಿಂಗ್ ಪಂದ್ಯವನ್ನೇ ಆಡದಿದ್ದವನು ಎಂಬುದು ಬೇರೆ ಮಾತು.

ಇನ್ನು ಮಾಮಾನ ವಿಷಯ. ಅವರು ಹದಿನೈದು ವರ್ಷ ಸುತ್ತಲಿನ ಜಾತ್ರೆಗಳಲ್ಲಿ ಕುಸ್ತಿ ಆಡಿದವರು. ಬೆಳ್ಳಿ ಕಡಗ ಗೆದ್ದವರು. ಬಿಟ್ಟು ಆರು ವರ್ಷವಾದ ಮೇಲೆ, ಮಗಳ ಮದುವೆ ಸಾಲಕ್ಕೆಂದು ಒಂದು ಜಾತ್ರೆಯಲ್ಲಿ ಮತ್ತೆ ಕಣಕ್ಕಿಳಿದರು. ಇಪ್ಪತ್ತರ ಹುಡುಗ ಎರಡೇ ನಿಮಿಷದಲ್ಲಿ ಚಿತ್ ಮಾಡಿದ. ಊರಿನಲ್ಲಿ ಈಗ ಕಡಗದ ಸುದ್ದಿ ಯಾರೂ ಎತ್ತುವುದಿಲ್ಲ, ಆ ಎರಡು ನಿಮಿಷದ್ದು ಎತ್ತುತ್ತಾರೆ. ನಾವೂ ಹುಡುಗರಾಗಿದ್ದಾಗ ಅದನ್ನು ಹೇಳಿ ನಕ್ಕವರೇ.

ಲೂಯಿಯ ಸಾಲದ ಕಥೆಯನ್ನು ಅವರಿಗೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಂವಾ ಬೀಳೋಕಿಂತ ಮುಂಚಿಂದು ಯಾವುದರ ಆಟ ಐತೇನು ಅದರಾಗ? ಅದನ್ನ ಹಚ್ರಿ" ಎಂದರು.

ಹುಡುಕಿದೆವು. 1938ರದ್ದು ಸಿಕ್ಕಿತು, ಲೂಯಿ ಮತ್ತು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್. ಪೂರ್ತಿ ಆಟ ಒಂದೇ ಸುತ್ತು. ಮಾಮಾ ಅದನ್ನು ಮೂರು ಸಲ ಹಾಕಿಸಿ ನೋಡಿದರು.