ಒಂದೊಂದು ಪೈಸೆಯ ಗಾಜು

ಮಲ್ಲಟದ ಅಂಗಡಿಯಲ್ಲಿ ಗೋಲಿ ಸೋಡಾ ಕುಡಿದು ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದಿದ್ದೆ. ಪಕ್ಕದಲ್ಲಿದ್ದ ಹುಡುಗನ ಅಣ್ಣ ದುಡಿಯಲು ಪುಣೆಗೆ ಹೋದವನು. 'ಸರ್, ಇದನ್ನ ನಮ್ಮೂರಾಗ ಮಾಡಾಕ ಬರಲ್ಲೇನ್ರಿ?' ಎಂದ.

ಮರಳೇನೋ ಕೃಷ್ಣೆ, ತುಂಗಭದ್ರೆ ಎರಡರಲ್ಲೂ ಉಂಟು. ಬರೀ ಮರಳು ಕರಗಲು ಸುಮಾರು 1700 ಡಿಗ್ರಿ ಶಾಖ ಬೇಕು. ಸೋಡಾ ಬೆರೆಸಿದರೆ ಕಡಿಮೆ ಸಾಕು. ಆದರೆ ಆ ಗಾಜು ನೀರಿನಲ್ಲಿ ಕರಗುತ್ತದೆ, ಅದಕ್ಕೇ ಸುಣ್ಣದಕಲ್ಲು. ಮರಳಿನಲ್ಲಿ ಕಬ್ಬಿಣದಂಶವಿದ್ದರೆ ಬಾಟಲಿಗೆ ಹಸಿರು ಛಾಯೆ.

ಬಂಡವಾಳ? ರಾಯಚೂರಿನಿಂದ ಮುಂಬೈಗೆ ಹೋಗುವ ರೈಲುಹಳಿ ಪುಣೆ ದಾಟಿದ ಮೇಲೆ ತಳೇಗಾಂವ ಮುಟ್ಟುತ್ತದೆ. ಅಲ್ಲಿ 1908ರಲ್ಲಿ ಗಾಜಿನ ಕಾರ್ಖಾನೆ ಎದ್ದದ್ದು ಜನರ ಚಿಲ್ಲರೆಯಿಂದ. ಅಂತಾಜಿ ದಾಮೋದರ ಕಾಳೆಯವರು ತಲೆಗೊಂದು ಪೈಸೆ ಬೇಡಿ 'ಪೈಸಾ ಫಂಡ್' ಕೂಡಿಸಿದರು. ಟಿಳಕರು ಬೆನ್ನಿಗೆ ನಿಂತರು. ರೂಪಾಯಿಗೆ 64 ಪೈಸೆಯ ಕಾಲವದು. ಲಕ್ಷ ಜನ ಕೊಟ್ಟರೂ ಕೈಗೆ ಬರುವುದು 1,562 ರೂಪಾಯಿ ಎಂಟಾಣೆ! ಜಪಾನಿನಲ್ಲಿ ಕಲಿತು ಬಂದ ಈಶ್ವರದಾಸ ವಾರ್ಷ್ಣೇಯರು ಅಲ್ಲಿ ಕುಲುಮೆಯ ಕೆಲಸ ಕಲಿಸಿದರು. 1916ರಲ್ಲಿ ಕರಾಡದ ಬಳಿ ಓಗಲೆಯವರ ಗಾಜಿನ ಕಾರ್ಖಾನೆಯೂ ಶುರುವಾಯಿತು; ಅವರ ಪ್ರಭಾಕರ ಕಂದೀಲು ಹಿರಿಯರಿಗೆ ನೆನಪಿದ್ದೀತು.

ಬಸ್ಸು ಬಂದಾಗಲೂ ಹುಡುಗ ಬೆರಳು ಮಡಚಿ ಏನೋ ಎಣಿಸುತ್ತಲೇ ಇದ್ದ.